ಆಟಿ ತಿಂಗಳ ಬಟವಾಡೆಗೆ ಡಿವಿಡೆಂಡ್ ಜೋಡಿಸಿಕೊಂಡದ್ದು ಹೇಗೆ

ಕಾಫಿಯ ದುಡ್ಡು ವರ್ಷಕ್ಕೆ ಒಂದೇ ಸಲ ಬರುತ್ತದೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಐದು ಎಕರೆ ರೊಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಜನವರಿಯಿಂದ ಕೊಯ್ಲು, ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿ ಮಾರುವಷ್ಟರಲ್ಲಿ ಏಪ್ರಿಲ್. ಖರ್ಚು ಹಾಗಲ್ಲ, ಅದು ವಾರ ವಾರ ಬರುತ್ತದೆ. ಮರಗಸಿ, ಕಳೆ, ಗೊಬ್ಬರ, ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ. ಆಟಿ ತಿಂಗಳಲ್ಲಿ, ಅಂದರೆ ಕೊಡವರು ಕಕ್ಕಡ ಎನ್ನುವ ಜುಲೈ-ಆಗಸ್ಟ್‌ನ ಆ ಮಳೆಯಲ್ಲಿ, ಆಳುಗಳಿಗೆ ವಾರದ ಕೂಲಿಯ ಬಟವಾಡೆ ಕೊಡಲು ಕೈಸಾಲ ಮಾಡದ ಸಣ್ಣ ಬೆಳೆಗಾರರು ಕಡಿಮೆ. ನಮ್ಮ ಯಜಮಾನರು ಹೋದ ಮೇಲೆ ಎರಡು ವರ್ಷ ನಾನೂ ಸಾಲ ಮಾಡಿದೆ.

ಆಗ ಗಮನಕ್ಕೆ ಬಂದದ್ದು ಒಂದು ಸರಳ ಸಂಗತಿ. ನಮ್ಮ ದೇಶದ ಹೆಚ್ಚಿನ ಕಂಪನಿಗಳ ಲೆಕ್ಕದ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಸೆಪ್ಟೆಂಬರ್ 30ರ ಒಳಗೆ ಷೇರುದಾರರ ವಾರ್ಷಿಕ ಸಭೆ ನಡೆಯಬೇಕು. ಅಲ್ಲಿ ಒಪ್ಪಿಗೆಯಾದ ಡಿವಿಡೆಂಡನ್ನು, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲನ್ನು, 30 ದಿನದೊಳಗೆ ಕೊಡಬೇಕು. ಹಾಗಾಗಿ ಅಂತಿಮ ಡಿವಿಡೆಂಡುಗಳಲ್ಲಿ ಬಹುಪಾಲು ಬ್ಯಾಂಕಿಗೆ ಬಂದು ಬೀಳುವುದು ಜುಲೈನಿಂದ ಅಕ್ಟೋಬರ್ ನಡುವೆ. ನಮ್ಮ ಕೈ ಖಾಲಿ ಇರುವುದೂ ಆಗಲೇ ಅಲ್ವಾ? ಕಾಫಿ ಬೆಳೆಯುವವರಿಗೆ ಡಿವಿಡೆಂಡ್ ಇಷ್ಟು ಚೆನ್ನಾಗಿ ಹೊಂದುವುದು ಇದರಿಂದಲೇ.

ಆದರೆ ಷೇರಿಗಿಂತ ಮೊದಲು ಅಡಿಪಾಯ ಹಾಕಿ. ಡಿವಿಡೆಂಡ್ ಕೊಡಲೇಬೇಕೆಂದು ಯಾವ ಕಂಪನಿಗೂ ಕಟ್ಟುಪಾಡಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಿನಲ್ಲಿ, ಆ ವರ್ಷದ ಲಾಭದಿಂದ ಡಿವಿಡೆಂಡ್ ಕೊಡಬಾರದೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳನ್ನು ತಡೆದಿತ್ತು. ಬ್ಯಾಂಕ್ ಷೇರನ್ನೇ ನಂಬಿಕೊಂಡವರಿಗೆ ಆ ಮಳೆಗಾಲ ಏನೂ ಬರಲಿಲ್ಲ. ಅದಕ್ಕೇ ನಾನು ಅರವತ್ತು ತುಂಬಿದ ಕೂಡಲೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 10 ಲಕ್ಷ ಇಟ್ಟೆ. ನಾನು ಇಟ್ಟಾಗ ಬಡ್ಡಿ 8.2%. ಸೇರುವ ದಿನ ಇದ್ದ ದರ ಐದು ವರ್ಷ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ 20,500 ರೂಪಾಯಿ, ಅದರಲ್ಲಿ ಒಂದು ಕಂತು ಜುಲೈ ಆರಂಭದಲ್ಲೇ. ಒಬ್ಬರು 30 ಲಕ್ಷದವರೆಗೆ ಇಡಬಹುದು. ಅರವತ್ತು ಆಗದವರಿಗೆ ಅಂಚೆಯ ಮಾಸಿಕ ಆದಾಯ ಯೋಜನೆ ಇದೆ, ಒಬ್ಬರ ಹೆಸರಲ್ಲಿ 9 ಲಕ್ಷದವರೆಗೆ. ಬಟವಾಡೆಯ ಅರ್ಧದಷ್ಟಾದರೂ ಇಂಥ ಗಟ್ಟಿ ಕಡೆಯಿಂದ ಬರಬೇಕು ಎಂಬುದು ನನ್ನ ಲೆಕ್ಕ.

ಇನ್ನು ಷೇರು. ಪತ್ರಿಕೆಯಲ್ಲಿ "300% ಡಿವಿಡೆಂಡ್" ಎಂದು ಓದಿ ಹಿಗ್ಗಬೇಡಿ. ಆ ಶೇಕಡಾ ಷೇರಿನ ಮುಖಬೆಲೆಯ ಮೇಲೆ, ಅಂದರೆ ಕಂಪನಿ ಷೇರಿನ ಮೇಲೆ ನಮೂದಿಸಿದ ಬೆಲೆಯ ಮೇಲೆ, ಪೇಟೆಯ ಬೆಲೆಯ ಮೇಲಲ್ಲ. ಮುಖಬೆಲೆ 2 ರೂಪಾಯಿ ಇದ್ದರೆ 300% ಅಂದರೆ ಬರೀ 6 ರೂಪಾಯಿ. ಆ ಷೇರನ್ನು ನೀವು 600 ಕೊಟ್ಟು ಕೊಂಡಿದ್ದರೆ ಕೈಗೆ ಬಂದದ್ದು ನೂರಕ್ಕೆ ಒಂದು. ನೋಡಬೇಕಾದದ್ದು ಒಂದು ಷೇರಿಗೆ ಎಷ್ಟು ರೂಪಾಯಿ, ಈಗಿನ ಬೆಲೆ ಎಷ್ಟು, ಇವೆರಡನ್ನೇ. 200 ರೂಪಾಯಿಯ ಷೇರಿಗೆ 10 ರೂಪಾಯಿ ಬಂದರೆ 5%. ಇದನ್ನು ಡಿವಿಡೆಂಡ್ ಯೀಲ್ಡ್ ಎನ್ನುತ್ತಾರೆ.

ಯೀಲ್ಡ್ ಜಾಸ್ತಿ ಇದ್ದರೆ ಒಳ್ಳೆಯದೇ ಎಂದುಕೊಂಡು ನಾನು ಒಮ್ಮೆ ಸರಿಯಾಗಿ ಪೆಟ್ಟು ತಿಂದೆ. ಒಂದು ಕಂಪನಿಯ ಷೇರು 310 ರೂಪಾಯಿಗೆ ಸಿಗುತ್ತಿತ್ತು, ಹಿಂದಿನ ವರ್ಷ 42 ರೂಪಾಯಿ ಕೊಟ್ಟಿದ್ದರು. ಹದಿಮೂರೂವರೆ ಪರ್ಸೆಂಟ್! ಮೆಣಸು ಮಾರಿದ ದುಡ್ಡಿನಿಂದ ಇನ್ನೂರು ಷೇರು ಕೊಂಡೆ. ಮುಂದಿನ ವರ್ಷ ಬಂದದ್ದು 4 ರೂಪಾಯಿ, ಬೆಲೆ 190ಕ್ಕೆ ಇಳಿದಿತ್ತು. ಆಮೇಲೆ ಅವರ ವಾರ್ಷಿಕ ವರದಿ ತೆಗೆದು ಓದಿದೆ. ಆ 42 ರೂಪಾಯಿ ವ್ಯಾಪಾರದ ಲಾಭವಲ್ಲ, ಜಾಗ ಮಾರಿದ್ದನ್ನು ಒಂದು ಸಲಕ್ಕೆ ಹಂಚಿದ್ದು. ತೋಟದ ಮರ ಕಡಿದು ಮಾರಿದ ವರ್ಷದ ಆದಾಯ ನೋಡಿ ತೋಟಕ್ಕೆ ಬೆಲೆ ಕಟ್ಟಿದ ಹಾಗಾಯಿತು. ಆ ವರದಿಯನ್ನು ಕೊಳ್ಳುವ ಮೊದಲೇ ಓದಬಹುದಿತ್ತು. ಎರಡು ಸಂಜೆಯ ಕೆಲಸ ಅಷ್ಟೆ.

ಈಗ ಯಾವ ಕಂಪನಿಯಾದರೂ ಸರಿ, ಹಳೇ ನೋಟ್‌ಬುಕ್ಕಿನಲ್ಲಿ ಹತ್ತು ವರ್ಷದ ಎರಡು ಸಾಲು ಬರೆದುಕೊಳ್ಳುತ್ತೇನೆ. ಮೇಲಿನ ಸಾಲಿನಲ್ಲಿ ಒಂದು ಷೇರಿಗೆ ಬಂದ ಲಾಭ, ಕೆಳಗಿನ ಸಾಲಿನಲ್ಲಿ ಕೊಟ್ಟ ಡಿವಿಡೆಂಡ್. ಲಾಭ 16, ಡಿವಿಡೆಂಡ್ 8 ಎಂದಿದ್ದರೆ ಅರ್ಧ ಹಂಚಿ ಅರ್ಧ ಉಳಿಸಿಕೊಂಡಿದ್ದಾರೆ. ಅದು ನೆಮ್ಮದಿಯ ಲೆಕ್ಕ. ಲಾಭ 8, ಡಿವಿಡೆಂಡ್ 10 ಎಂದು ಎರಡು ವರ್ಷ ಕಂಡರೆ ಅವರು ಬಿತ್ತನೆ ಬೀಜ ತಿನ್ನುತ್ತಿದ್ದಾರೆ. ಕೆಳಗಿನ ಸಾಲು ನಿಧಾನವಾಗಿಯಾದರೂ ಏರುತ್ತಿರಬೇಕು. ಇವತ್ತು ಎರಡೂವರೆ ಪರ್ಸೆಂಟ್ ಕೊಟ್ಟು ವರ್ಷಾವರ್ಷ ಸ್ವಲ್ಪ ಹೆಚ್ಚಿಸುವ ಕಂಪನಿಯೇ ನನಗೆ ಇಷ್ಟ. ಕೂಲಿ ಏರುತ್ತಲೇ ಇದೆ, ಏರದ ಆದಾಯ ಇಟ್ಟುಕೊಂಡು ಏನು ಮಾಡುವುದು?

ಸಾಲವನ್ನೂ ನೋಡಿ. ಕಂಪನಿಗೆ ಸಾಲ ಜಾಸ್ತಿ ಇದ್ದರೆ ಕಷ್ಟ ಬಂದಾಗ ಮೊದಲು ನಿಲ್ಲುವುದು ಡಿವಿಡೆಂಡ್.

ಕೇಂದ್ರ ಸರ್ಕಾರದ ಕಂಪನಿಗಳಿಗೆ ಒಂದು ನಿಯಮವಿದೆ. 2024ರ ನವೆಂಬರ್‌ನಲ್ಲಿ ಪರಿಷ್ಕರಿಸಿದ ಸೂಚನೆಯ ಪ್ರಕಾರ, ನಿವ್ವಳ ಲಾಭದ 30% ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರ) 4%, ಯಾವುದು ಜಾಸ್ತಿಯೋ ಅಷ್ಟನ್ನಾದರೂ ಹಂಚಬೇಕು. ಕೋಲ್ ಇಂಡಿಯಾ, ಪವರ್ ಗ್ರಿಡ್ ಹೆಸರುಗಳು ಡಿವಿಡೆಂಡ್ ಪಟ್ಟಿಯಲ್ಲಿ ಪದೇ ಪದೇ ಕಾಣಲು ಇದೂ ಒಂದು ಕಾರಣ. ಆದರೆ ಲಾಭವೇ ಕುಗ್ಗಿದರೆ ನಿಯಮ ಏನು ಮಾಡೀತು? ಹಾಗಾಗಿ ಇಂಥವು ನನ್ನಲ್ಲಿ ಮೂರೇ ಇವೆ. ಒಟ್ಟು ಹನ್ನೆರಡು ಕಂಪನಿ, ಒಂದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹಾಕುವುದಿಲ್ಲ. ಕಾಫಿ, ಚಹಾ ಕಂಪನಿಯ ಷೇರು ಒಂದೂ ಇಲ್ಲ. ಪೊಲ್ಲಿಬೆಟ್ಟದ ಟಾಟಾ ಕಾಫಿ ನಮ್ಮ ಊರಿನ ಕಂಪನಿ ಎಂಬ ಅಭಿಮಾನದಿಂದ ಇಟ್ಟುಕೊಂಡವರು ಇಲ್ಲಿ ಬಹಳ ಜನ. 2024ರ ಜನವರಿಯಲ್ಲಿ ಅದು ಟಾಟಾ ಕನ್ಸ್ಯೂಮರ್‌ನಲ್ಲಿ ಸೇರಿಹೋಯಿತು, ಹತ್ತು ಷೇರಿಗೆ ಮೂರು ಷೇರು ಸಿಕ್ಕವು. ಅಭಿಮಾನ ನನಗೂ ಇದೆ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ನನ್ನ ತೋಟವೂ ಷೇರೂ ಒಟ್ಟಿಗೆ ಸೊರಗುವುದು ಬೇಡ.

ಬಾಡಿಗೆಯಂಥ ಆದಾಯ ಬೇಕೆಂದರೆ ರೀಟ್ ಇದೆ. ದೊಡ್ಡ ಕಚೇರಿ ಕಟ್ಟಡಗಳ ಬಾಡಿಗೆಯಲ್ಲಿ ಪಾಲು. ದೇಶದ ಮೊದಲ ರೀಟ್ ಆದ ಬೆಂಗಳೂರಿನ ಎಂಬೆಸಿ 2019ರಲ್ಲಿ ಷೇರುಪೇಟೆಗೆ ಬಂತು. ಹಂಚಬಹುದಾದ ಹಣದ ಕನಿಷ್ಠ 90% ಹಂಚಲೇಬೇಕೆಂಬ ನಿಯಮವಿದೆ, ಒಂದೊಂದು ಯೂನಿಟ್ ಸಹ ಕೊಳ್ಳಬಹುದು. ಬರುವ ಹಣದಲ್ಲಿ ಬಡ್ಡಿ, ಡಿವಿಡೆಂಡ್, ಅಸಲು ವಾಪಸ್ ಎಂಬ ಭಾಗಗಳಿರುತ್ತವೆ, ತೆರಿಗೆ ಬೇರೆ ಬೇರೆ. ಅವರು ಕಳಿಸುವ ವಿವರದ ಹಾಳೆಯನ್ನು ಎತ್ತಿಡಿ.

ಯಾವಾಗ ಕೊಳ್ಳುವುದು? ಕಾಫಿ ದುಡ್ಡು ಬಂದ ವಾರವೇ ಎಲ್ಲವನ್ನೂ ಸುರಿಯಬೇಡಿ. ನಾನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ಕಂತು ಮಾಡುತ್ತೇನೆ. ಡಿವಿಡೆಂಡ್ ಸಿಗಲಿ ಎಂದು ಮುಂಚಿನ ದಿನ ಓಡಿ ಹೋಗಿ ಕೊಳ್ಳುವುದರಲ್ಲೂ ಲಾಭವಿಲ್ಲ. ಡಿವಿಡೆಂಡ್ ಯಾರಿಗೆ ಎಂದು ಕಂಪನಿ ಪಟ್ಟಿ ನೋಡುವ ದಿನ ರೆಕಾರ್ಡ್ ಡೇಟ್; ಅದರ ಹಿಂದಿನ ವಹಿವಾಟಿನ ದಿನದೊಳಗೆ ಕೊಂಡರೆ ಡಿವಿಡೆಂಡ್ ಬರುತ್ತದೆ ನಿಜ. ಮಾರನೇ ದಿನ ಷೇರಿನ ಬೆಲೆ ಸುಮಾರು ಅಷ್ಟೇ ಕುಸಿದು ತೆರೆಯುತ್ತದೆ, ಮೇಲೆ ತೆರಿಗೆ ಬೇರೆ.

ತೆರಿಗೆಯ ವಿಷಯದಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ. ಕಾಫಿಯ ಹಣ್ಣು, ಅಂದರೆ ಚೆರಿ, ಒಣಗಿಸಿ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಡಿವಿಡೆಂಡಿಗೆ 2020ರ ಏಪ್ರಿಲ್‌ನಿಂದ ನಮ್ಮ ಕೈಯಲ್ಲೇ ತೆರಿಗೆ. ಬಡ್ಡಿ, ಡಿವಿಡೆಂಡ್ ಎಲ್ಲ ಸೇರಿ ವಿನಾಯಿತಿ ಮಿತಿ ದಾಟಿದರೆ, ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಕೂಡಿಸುತ್ತಾರೆ. ಅದನ್ನು ಆಡಿಟರ್‌ಗೆ ಮೊದಲೇ ಹೇಳಿ. 2025ರ ಏಪ್ರಿಲ್‌ನಿಂದ ಒಂದು ಕಂಪನಿಯ ಡಿವಿಡೆಂಡ್ ವರ್ಷಕ್ಕೆ 10,000 ದಾಟಿದರೆ 10% ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯುತ್ತಾರೆ. ತೆರಿಗೆ ಬೀಳದವರು ಟಿಡಿಎಸ್ ಬೇಡವೆಂಬ ಘೋಷಣೆ ಕೊಡಬಹುದು, ನಾವೆಲ್ಲ 15ಜಿ, 15ಎಚ್ ಎಂದು ಕರೆಯುತ್ತಾ ಬಂದದ್ದು. ಬ್ಯಾಂಕಿಗೆ ಕೊಟ್ಟರೆ ಸಾಲದು, ಕಂಪನಿಯ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರಿಗೂ ಪ್ರತ್ಯೇಕವಾಗಿ ಕೊಡಬೇಕು.

ಇನ್ನೊಂದು ಕೆಲಸವನ್ನು ದಯವಿಟ್ಟು ಇವತ್ತೇ ಮಾಡಿ. ನಮ್ಮ ಮಾವನವರ ಟ್ರಂಕಿನ ತಳದಲ್ಲಿ, ಹಳೇ ಪಂಚೆಯಲ್ಲಿ ಸುತ್ತಿದ ಷೇರು ಪತ್ರಗಳು ಸಿಕ್ಕವು. ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಜೊತೆಗೆ ಬ್ಯಾಂಕಿಗೆ ಹಾಕದೇ ಉಳಿದ ಹನ್ನೊಂದು ಡಿವಿಡೆಂಡ್ ವಾರಂಟುಗಳು, ಅಂದರೆ ಡಿವಿಡೆಂಡಿನ ಚೆಕ್ಕುಗಳು. ಏಳು ವರ್ಷ ಯಾರೂ ಕೇಳದ ಡಿವಿಡೆಂಡೂ ಆ ಷೇರುಗಳೂ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ವಾಪಸ್ ಪಡೆಯಬಹುದು, ಐಇಪಿಎಫ್-5 ಎಂಬ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ಕಾಗದ, ಸಹಿ ಹೊಂದಿಸುವುದು ಎಂದು ನನಗೆ ಒಂದೂವರೆ ವರ್ಷ ಹಿಡಿಯಿತು. ಷೇರುಗಳನ್ನು ಕಾಗದವಿಲ್ಲದೆ ಇಡುವ ನಿಮ್ಮ ಡಿಮ್ಯಾಟ್ ಖಾತೆಗೆ ನಾಮಿನಿ ಹಾಕಿ. ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಬ್ಯಾಂಕುಗಳು ವಿಲೀನವಾದ ಮೇಲೆ ಬದಲಾದ ಐಎಫ್‌ಎಸ್‌ಸಿ ಕೋಡ್ ಸರಿಪಡಿಸಿ.

ನನ್ನ ಷೇರುಗಳ ಬೆಲೆ ಈಗ ಸುಮಾರು ಒಂಬತ್ತು ಲಕ್ಷ. ಹೋದ ವರ್ಷ ಬಂದ ಡಿವಿಡೆಂಡ್ 31,000, ಅದರಲ್ಲಿ 21,000 ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬಂತು. ಅಂಚೆಯ ಜುಲೈ ಕಂತು ಸೇರಿ 41,500. ಆಟಿ ಕಳೆಯುವವರೆಗೆ ಪ್ರತಿ ವಾರ ಬಟವಾಡೆ ಅದರಿಂದಲೇ ಕೊಟ್ಟೆ, ಮೆಣಸಿನ ಮೂಟೆ ಪತ್ತಾಯದ ಪಕ್ಕದಲ್ಲಿ ಹಾಗೇ ಉಳಿಯಿತು.