ಎರಡು ರಾಜ್ಯದ ನೋಟರಿ: ನ್ಯೂಜೆರ್ಸಿಯಲ್ಲಿ ಮನೆ, ನ್ಯೂಯಾರ್ಕ್‌ನಲ್ಲಿ ಆಫೀಸು

ಮನೆ ನ್ಯೂಜೆರ್ಸಿಯಲ್ಲಿ, ಕೆಲಸ ಮ್ಯಾನ್‌ಹಟನ್‌ನಲ್ಲಿ ಇದ್ದವರು ಎರಡೂ ರಾಜ್ಯಗಳ ನೋಟರಿ ಆಗಬಹುದು. ನ್ಯೂಯಾರ್ಕ್‌ನಲ್ಲಿ ವಾಸವಿಲ್ಲದಿದ್ದರೂ ಅಲ್ಲಿ ಆಫೀಸು ಇದ್ದರೆ ಸಾಕು. ಪರೀಕ್ಷೆ ಪಾಸಾಗಬೇಕು, ಅವಧಿ 4 ವರ್ಷ. ಕೆಲಸ ಬಿಟ್ಟು ಆ ಆಫೀಸೂ ತಪ್ಪಿದರೆ ಹುದ್ದೆಯೂ ಹೋಗುತ್ತದೆ, ಇದನ್ನು ಹಲವರು ಮರೆಯುತ್ತಾರೆ. ನ್ಯೂಜೆರ್ಸಿಯಲ್ಲಿ ಅವಧಿ 5 ವರ್ಷ. ಹೊಸಬರಿಗೆ 6 ಗಂಟೆಯ ತರಬೇತಿ, ಪರೀಕ್ಷೆ, ಆಮೇಲೆ 3 ತಿಂಗಳೊಳಗೆ ಕೌಂಟಿ (ಜಿಲ್ಲೆ) ಕ್ಲರ್ಕ್ ಎದುರು ಪ್ರಮಾಣವಚನ.

ಎಡವಟ್ಟಾಗುವುದು ಸಹಿಯ ಹೊತ್ತಿನಲ್ಲಿ. ದಾಖಲೆ ಯಾವ ರಾಜ್ಯದ್ದು ಎಂಬುದು ಮುಖ್ಯವಲ್ಲ, ನೀವು ಆಗ ಎಲ್ಲಿ ನಿಂತಿದ್ದೀರಿ ಎಂಬುದು ಮುಖ್ಯ. ಬೆಂಗಳೂರಿನ ಸೈಟಿನ ಪವರ್ ಆಫ್ ಅಟಾರ್ನಿಗೆ ನ್ಯೂಜೆರ್ಸಿಯ ಎಡಿಸನ್ ಊರಿನ ಮನೆಯ ಊಟದ ಮೇಜಿನ ಮೇಲೆ ಸಹಿ ಬಿದ್ದರೆ ನ್ಯೂಜೆರ್ಸಿ ಮುದ್ರೆಯೇ ಬೇಕು. ನೋಟರಿ ಒಕ್ಕಣೆಯ ಮೇಲ್ಗಡೆ ‘ಸ್ಟೇಟ್ ಆಫ್ ನ್ಯೂಯಾರ್ಕ್’ ಎಂದು ಮೊದಲೇ ಅಚ್ಚಾಗಿದ್ದರೆ ಅದನ್ನು ಹೊಡೆದು ‘ನ್ಯೂಜೆರ್ಸಿ, ಮಿಡಲ್‌ಸೆಕ್ಸ್ ಕೌಂಟಿ’ ಎಂದು ಬರೆದು ಪಕ್ಕದಲ್ಲಿ ಇನಿಷಿಯಲ್ ಹಾಕಿ. ಮುದ್ರೆಗಳಿಗೆ ಬೇರೆ ಬೇರೆ ಚೀಲ, ಬೇರೆ ಬಣ್ಣದ ಹಿಡಿ ಇರಲಿ. ಮಾಡಿದ ನೋಟರಿ ಕೆಲಸಗಳನ್ನು ಬರೆದಿಡುವ ಜರ್ನಲ್‌ಗಳೂ ಬೇರೆ ಇರಲಿ. ಅವನ್ನು ಎರಡೂ ರಾಜ್ಯಗಳಲ್ಲಿ 10 ವರ್ಷ ಕಾಯ್ದಿಡಬೇಕು.