ಸದ್ದಿಲ್ಲದ ಗೇಮಿಂಗ್ ಪಿಸಿ: ಮೊದಲು ವ್ಯಾಟ್ ನೋಡಿ, ಫ್ಯಾನ್ ಆಮೇಲೆ

ಸದ್ದು ಮಾಡದ ಗೇಮಿಂಗ್ ಪಿಸಿ ಬೇಕು ಅಂದ ಕೂಡಲೇ ಎಲ್ಲರೂ ದುಬಾರಿ ಫ್ಯಾನ್ ಹುಡುಕಲು ಹೊರಡುತ್ತಾರೆ. ನಾನು ಮೊದಲು ಕೇಳುವುದು ವ್ಯಾಟ್ ಲೆಕ್ಕ. ಬಿಸಿಯೇ ಹುಟ್ಟದಿದ್ದರೆ ಫ್ಯಾನಿಗೆ ಏನು ಕೆಲಸ? ನಾನು ಆಡುವುದು ರಾತ್ರಿ ಹತ್ತರ ಮೇಲೆ, ಅದೇ ಕೋಣೆಯಲ್ಲಿ ಮಗಳು ಮಲಗಿರುತ್ತಾಳೆ. ಹಾಗಾಗಿ ನನಗೆ ಬೇಕಿದ್ದದ್ದು ಸೆಮಿ ಪ್ಯಾಸಿವ್ ಪಿಸಿ. ಬ್ರೌಸಿಂಗ್, ವಿಡಿಯೊ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನೂ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಫ್ಯಾನೂ ಪೂರ್ತಿ ನಿಂತಿರಬೇಕು. ಗೇಮ್ ಶುರುವಾದ ಮೇಲೆ ಮೆಲ್ಲಗೆ ತಿರುಗಿದರೆ ಅಡ್ಡಿಯಿಲ್ಲ.

ಒಂದೂ ಫ್ಯಾನ್ ಇಲ್ಲದ ಪಿಸಿ ಕಟ್ಟುವ ಆಸೆ ಬೇಡ. ನಾಕ್ಟುವಾದ ಎನ್‌ಎಚ್-ಪಿ1 ಅನ್ನುವ ಫ್ಯಾನಿಲ್ಲದ ಸಿಪಿಯು ಕೂಲರ್ 2021ರಿಂದ ಸಿಗುತ್ತದೆ, ಒಂದು ಕೆಜಿಗೂ ಜಾಸ್ತಿ ತೂಕದ ಲೋಹ. ಒಳ್ಳೆಯ ವಸ್ತುವೇ. ಆದರೆ ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಅದು ತಾನೇ ಏನು ಮಾಡೀತು? ಕಲಬುರಗಿಯ ಏಪ್ರಿಲ್‌ನಲ್ಲಿ ಕೋಣೆಯೊಳಗೇ 36 ಡಿಗ್ರಿ ಇರುತ್ತದೆ. ರಿವ್ಯೂ ಮಾಡುವವರು ಎಸಿ ಹಾಕಿದ 21-22 ಡಿಗ್ರಿ ಕೋಣೆಯಲ್ಲಿ ಅಳೆದಿದ್ದರೆ, ಆ ಅಂಕಿಗೆ 14-15 ಡಿಗ್ರಿ ಸೇರಿಸಿಯೇ ಓದಿ. ಅದೇ ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನ್ ಗರಗರ ಅನ್ನುತ್ತಿರುತ್ತದೆ, ಪಿಸಿ ಸದ್ದು ಅದರಲ್ಲೇ ಮುಚ್ಚಿಹೋಗುತ್ತದೆ. ನಿಜವಾದ ಪರೀಕ್ಷೆ ಡಿಸೆಂಬರ್ ರಾತ್ರಿ, ಸೀಲಿಂಗ್ ಫ್ಯಾನ್ ಆಫ್ ಇರುವಾಗ.

ಇನ್ನು ಫ್ಯಾನಿನ ಲೆಕ್ಕ. ವೇಗ ಅರ್ಧ ಮಾಡಿದರೆ ಗಾಳಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕದಲ್ಲಿ ಸೇರಿಸಿದರೆ ಏರುವುದು ಬರೀ 3 ಡೆಸಿಬಲ್. ಅಂದರೆ 1,200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡುವ ಒಂದು ಫ್ಯಾನಿಗಿಂತ 600ರಲ್ಲಿ ಓಡುವ ಎರಡು ಫ್ಯಾನ್ ಎಷ್ಟೋ ವಾಸಿ, ಗಾಳಿ ಅಷ್ಟೇ ಸಿಗುತ್ತದೆ. ಇದಕ್ಕೆ ದುಬಾರಿ ಫ್ಯಾನೇ ಆಗಬೇಕೆಂದಿಲ್ಲ. ಆರ್ಕ್ಟಿಕ್ ಪಿ14 ಪಿಡಬ್ಲ್ಯುಎಂ ಥರದ್ದು ಧಾರಾಳ ಸಾಕು.

ಸದ್ದಿನ ಮುಖ್ಯ ಮೂಲ ಗ್ರಾಫಿಕ್ಸ್ ಕಾರ್ಡು. ದುಡ್ಡೂ ತಲೆಯೂ ಇಲ್ಲೇ ಖರ್ಚು ಮಾಡಿ. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್, 4070 ಕಾರ್ಡು 200, 4090 ಅಂತೂ 450. ನನ್ನ ಮಟ್ಟಿಗೆ 200 ವ್ಯಾಟ್ ಲಕ್ಷ್ಮಣರೇಖೆ. ಅದರ ಮೇಲೆ ಹೋದರೆ ನಿಶ್ಶಬ್ದದ ಮಾತು ಬಿಟ್ಟುಬಿಡಿ. ಒಂದೇ ಚಿಪ್ಪಿನ ಹಲವು ಮಾದರಿಗಳಿದ್ದರೆ ದಪ್ಪ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ಇರುವುದನ್ನು ತೆಗೆದುಕೊಳ್ಳಿ, ಲೈಟಿಗೆ ಕೊಡುವ ದುಡ್ಡು ಅದಕ್ಕೆ ಕೊಡಿ. ಕಡಿಮೆ ಬಿಸಿಯಲ್ಲಿ ಫ್ಯಾನ್ ನಿಲ್ಲುವ ಸೌಲಭ್ಯ ಇದೆಯೇ ಅಂತ ಬಾಕ್ಸ್ ಮೇಲೆ ನೋಡಿ. ಕಂಪನಿಗೊಂದು ಹೆಸರು: ಆಸುಸ್ ಅದನ್ನು 0 ಡಿಬಿ ಅನ್ನುತ್ತದೆ, ಎಂಎಸ್‌ಐ ಝೀರೋ ಫ್ರೋಝರ್ ಅನ್ನುತ್ತದೆ.

ತಂದ ಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್, ಅಂದರೆ ಕಾರ್ಡು ಎಳೆಯಬಹುದಾದ ವ್ಯಾಟ್‌ನ ಮಿತಿ, ಇಳಿಸಿ. 200 ವ್ಯಾಟ್‌ಗೆ ಕೋಣೆಯ ಬಿಸಿಗಿಂತ 40 ಡಿಗ್ರಿ ಮೇಲೆ ಹೋಗುವ ಕಾರ್ಡು, ಅದೇ ಫ್ಯಾನ್ ವೇಗದಲ್ಲಿ 140 ವ್ಯಾಟ್‌ಗೆ 28 ಡಿಗ್ರಿ ಮಾತ್ರ ಏರುತ್ತದೆ. ಸೆಕೆಂಡಿಗೆ ಮೂಡುವ ಫ್ರೇಮ್‌ಗಳು (ಎಫ್‌ಪಿಎಸ್) ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕೊನೆಯ ಚೂರು ವೇಗಕ್ಕೇ ಚಿಪ್ಪು ಅತಿ ಜಾಸ್ತಿ ಕರೆಂಟ್ ತಿನ್ನುತ್ತದೆ. ಜೊತೆಗೆ ಫ್ರೇಮ್ ರೇಟ್‌ಗೆ ಕಡಿವಾಣ ಹಾಕಿ. ಮೆನು ಪರದೆ 400 ಎಫ್‌ಪಿಎಸ್‌ನಲ್ಲಿ ಓಡಿ ಯಾರಿಗೇನು ಲಾಭ?

ಸೆಮಿ ಪ್ಯಾಸಿವ್ ಕಾರ್ಡಿನದ್ದೊಂದು ಕಿರಿಕಿರಿ ಇದೆ. ಬಿಸಿ ಒಂದು ಮಿತಿ ದಾಟಿದಾಗ ಫ್ಯಾನ್ ರೊಯ್ಯ್ ಅಂತ ಎದ್ದು ತಿರುಗುತ್ತದೆ, ತಂಪಾದಾಗ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಒಂದೇ ಸಮನೆ ಬರುವ ಸಣ್ಣ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಈ ಎದ್ದುಬೀಳುವ ಸದ್ದಿಗೆ ಒಗ್ಗುವುದಿಲ್ಲ. ಮದ್ದು ಕಾರ್ಡಿನಲ್ಲಿಲ್ಲ, ಕ್ಯಾಬಿನೆಟ್ಟಿನಲ್ಲಿದೆ. ಮುಂದಿನ ಎರಡು 140 ಮಿಮೀ ಫ್ಯಾನ್‌ಗಳನ್ನು ಯಾವಾಗಲೂ 400-500 ಆರ್‌ಪಿಎಂನಲ್ಲಿ ಬಿಡಿ. ಆ ಸಣ್ಣ ಗಾಳಿ ಸಿಕ್ಕರೆ ಸಾಮಾನ್ಯವಾಗಿ ಕಾರ್ಡು ಮಿತಿಯ ಹತ್ತಿರ ಬರುವುದೇ ಇಲ್ಲ.

ಕ್ಯಾಬಿನೆಟ್ ಅಂದಾಗ ಒಳಗೆ ಸ್ಪಂಜ್ ಅಂಟಿಸಿದ ಮುಚ್ಚಿದ ಡಬ್ಬಿಗಳಿಗೆ ಮರುಳಾಗಬೇಡಿ. ಮುಖಕ್ಕೆ ಜಾಲರಿ ಇರುವುದೇ ಒಳ್ಳೆಯದು. ಗಾಳಿ ಸಲೀಸಾಗಿ ಬಂದರೆ ಫ್ಯಾನ್ ಮೆಲ್ಲಗೆ ತಿರುಗುತ್ತದೆ. ಫ್ರ್ಯಾಕ್ಟಲ್ ಡಿಸೈನ್ ನಾರ್ತ್ ನನಗೆ ಇಷ್ಟ: ಮುಂದೆ ಮರದ ಪಟ್ಟಿ, ಅದರ ಹಿಂದೆ ಜಾಲರಿ, ಎರಡು 140 ಮಿಮೀ ಫ್ಯಾನ್ ಜೊತೆಗೇ ಬರುತ್ತವೆ. ಗಾಜಿನ ಬಾಗಿಲಿನದ್ದರಲ್ಲಿ 170 ಮಿಮೀ ಎತ್ತರದ ಕೂಲರ್ ಕೂರುತ್ತದೆ. ಜಾಲರಿ ಬಾಗಿಲಿನದ್ದಕ್ಕೆ ಪಕ್ಕದ ಫ್ಯಾನ್ ಬ್ರ್ಯಾಕೆಟ್ ಹಾಕಿದರೆ 145ಕ್ಕೆ ಇಳಿಯುತ್ತದೆ, ನೆನಪಿರಲಿ.

ಸಿಪಿಯು ವಿಷಯ ಸುಲಭ. ರೈಝೆನ್ 5 7600 ಸಾಕು, 65 ವ್ಯಾಟಿನದ್ದು. ಕೊನೆಗೆ ಎಕ್ಸ್ ಅಂಟಿದ 7600ಎಕ್ಸ್ 105 ವ್ಯಾಟಿನದ್ದು, ಗೇಮ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಜೆಟ್ ಇದ್ದರೆ 7800ಎಕ್ಸ್3ಡಿ. ಅದರ ಮೇಲೆ 120 ಅಂತ ಬರೆದಿದ್ದರೂ ಆಟದಲ್ಲಿ ಅದಕ್ಕಿಂತ ತುಂಬಾ ಕಡಿಮೆ ಎಳೆಯುತ್ತದೆ. ಕೂಲರ್‌ಗೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಎತ್ತರ 155 ಮಿಮೀ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ "ಸರ್, ಲಿಕ್ವಿಡ್ ಕೂಲರ್ ಹಾಕಿಸ್ಕೊಳಿ, ಸೌಂಡೇ ಬರಲ್ಲ" ಅನ್ನುವವರು ಸಿಗುತ್ತಾರೆ. ಅದರ ಪಂಪು ಪಿಸಿ ಆನ್ ಇರುವಷ್ಟು ಹೊತ್ತೂ ಓಡುತ್ತಲೇ ಇರಬೇಕು, ಅಲ್ವಾ? ಅಂಗಡಿಯಲ್ಲೇ ಆನ್ ಮಾಡಿಸಿ ಕೇಳೋಣ ಅಂದರೆ ಹೊರಗಿನ ಹಾರ್ನ್ ಮಧ್ಯೆ ಏನೂ ಕೇಳಿಸುವುದಿಲ್ಲ.

ಎಸ್‌ಎಂಪಿಎಸ್ ಬೇಕಾದ್ದಕ್ಕಿಂತ ದೊಡ್ಡದು ತೆಗೆದುಕೊಳ್ಳಿ. 300 ವ್ಯಾಟ್ ಎಳೆಯುವ ಪಿಸಿಗೆ 750 ವ್ಯಾಟಿನದ್ದು. ಲೋಡ್ ಕಡಿಮೆ ಇರುವಷ್ಟು ಹೊತ್ತು ಅದರ ಫ್ಯಾನ್ ಏಳುವುದಿಲ್ಲ. ಕೋರ್ಸೇರ್ ಆರ್‌ಎಂಎಕ್ಸ್, ಸೀಸಾನಿಕ್ ಫೋಕಸ್ ಜಿಎಕ್ಸ್ ಎರಡೂ ಈ ಥರದವು. ಸೀಸಾನಿಕ್‌ನದ್ದರಲ್ಲಿ ಹೈಬ್ರಿಡ್ ಬಟನ್ ಇದೆ, ಅದನ್ನು ಒತ್ತಿರಬೇಕು. ಹಾರ್ಡ್ ಡಿಸ್ಕ್ ಬೇಡವೇ ಬೇಡ, ಎಸ್‌ಎಸ್‌ಡಿ ಹಾಕಿ.

ಜೋಡಿಸಿದ ಮೇಲೆ ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಗೆರೆ. ರೈಝೆನ್ 7000 ಚಿಪ್ಪುಗಳ ಬಿಸಿ ಬ್ರೌಸರ್ ತೆರೆದರೂ ಛಂಗನೆ ಹತ್ತಿಪ್ಪತ್ತು ಡಿಗ್ರಿ ಜಿಗಿಯುತ್ತದೆ. ಫ್ಯಾನ್ ಅದರ ಹಿಂದೆ ಕುಣಿಯದಂತೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಸ್ಟೆಪ್ ಅಪ್ ಸಮಯವನ್ನು, ಅಂದರೆ ಬಿಸಿ ಏರಿದಾಗ ಫ್ಯಾನ್ ವೇಗ ಏರಿಸಲು ತೆಗೆದುಕೊಳ್ಳುವ ಹೊತ್ತನ್ನು, ಆದಷ್ಟು ಉದ್ದ ಮಾಡಿ. ಕ್ಯಾಬಿನೆಟ್ ಫ್ಯಾನ್‌ಗಳು ಸಿಪಿಯು ಬದಲು ಗ್ರಾಫಿಕ್ಸ್ ಕಾರ್ಡಿನ ಬಿಸಿ ನೋಡಿ ಓಡಲಿ. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಅನ್ನುವ ಸಾಫ್ಟ್‌ವೇರ್ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಆಮೇಲೆ ರಾತ್ರಿ ಕುರ್ಚಿಯಲ್ಲಿ ಕೂತು ಒಂದೊಂದೇ ಫ್ಯಾನನ್ನು ಇಳಿಸುತ್ತಾ ಬನ್ನಿ, ಕ್ಯಾಬಿನೆಟ್‌ಗೆ ಕಿವಿ ಹಚ್ಚಬೇಡಿ. ಕುರ್ಚಿಗೆ ಕೇಳಿಸದ ವೇಗ ಸಿಕ್ಕ ಕೂಡಲೇ ಆ ಆರ್‌ಪಿಎಂ ಬರೆದಿಟ್ಟುಕೊಳ್ಳಿ. 60 ಡಿಗ್ರಿ ತನಕ ಫ್ಯಾನ್ ಅದನ್ನು ದಾಟದ ಹಾಗೆ ಗೆರೆ ಎಳೆಯಿರಿ.