ಕೀಬೋರ್ಡ್ ಮಕ್ಕಳ ಕೈಯಲ್ಲೇ ಇರಲಿ: ಕೋಡಿಂಗ್, ಎಐ ಕ್ಲಬ್ ಕಟ್ಟುವ ಬಗೆ

ಒಂದು ಕೊಠಡಿ, ಆರು ಲ್ಯಾಪ್‌ಟಾಪ್, ಹನ್ನೆರಡು ಮಕ್ಕಳು, ತಾಳ್ಮೆಯುಳ್ಳ ಮೂವರು ದೊಡ್ಡವರು, ವಾರಕ್ಕೊಮ್ಮೆ ಒಂದೂವರೆ ತಾಸು. ಮಕ್ಕಳ ಕೋಡಿಂಗ್ ಕ್ಲಬ್ ಆರಂಭಿಸಲು ಇಷ್ಟಿದ್ದರೆ ಸಾಕು. 2011ರಲ್ಲಿ ಐರ್ಲೆಂಡ್‌ನಲ್ಲಿ ಶುರುವಾದ ಕೋಡರ್‌ಡೋಜೊ, ಮರುವರ್ಷ ಬ್ರಿಟನ್‌ನಲ್ಲಿ ಹುಟ್ಟಿದ ಕೋಡ್ ಕ್ಲಬ್ ಎರಡೂ ಸ್ವಯಂಸೇವಕರ ಬಲದಿಂದಲೇ ಹಲವು ದೇಶಗಳಿಗೆ ಹಬ್ಬಿದವು. ಪರೀಕ್ಷೆಯಿಲ್ಲ, ಅಂಕವಿಲ್ಲ, ಮಕ್ಕಳು ತಮಗೆ ಬೇಕಾದ್ದನ್ನು ಮಾಡುತ್ತಾ ಕಲಿಯುತ್ತಾರೆ.

ಕ್ಲಬ್ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಬಾಗಿಲಲ್ಲಿ ನಿಂತು ಕೈಗಳನ್ನು ನೋಡಿದರೆ ಸಾಕು. ಮೌಸ್ ಯಾರ ಕೈಯಲ್ಲಿದೆ? ಮಗು ತಡವರಿಸಿದಾಗ ‘ಕೊಡು ಇಲ್ಲಿ, ನಾನು ಮಾಡಿಕೊಡ್ತೀನಿ’ ಎಂದು ದೊಡ್ಡವರು ಮೌಸ್ ತೆಗೆದುಕೊಂಡರೆ ಆಟ ಸರಿಯಾಗುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮಾರ್ಗದರ್ಶಕರಿಗೆ ಮೊದಲ ದಿನವೇ ಹೇಳಬೇಕಾದ ನಿಯಮ ಇದೊಂದೇ: ಮಗುವಿನ ಪಕ್ಕ ನಿಂತಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ.

ಮೊದಲ ದಿನಕ್ಕೆ ಮುನ್ನ

ಇಬ್ಬರಿಗೆ ಒಂದು ಯಂತ್ರ ಸಾಲದೆಂದು ಕೊರಗಬೇಕಿಲ್ಲ. ಹೊಸಬರಿಗೆ ಅದೇ ಒಳ್ಳೆಯದು, ಏಕೆಂದರೆ ಪಕ್ಕದವರಿಗೆ ವಿವರಿಸಲು ಹೋದಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ಏಳೆಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಲೇಬೇಕು. ಇಲ್ಲವಾದರೆ ಚುರುಕಾದ ಮಗು ಇಡೀ ತಾಸು ಕೀಬೋರ್ಡ್ ಬಿಡುವುದಿಲ್ಲ, ಮೌನವಾಗಿರುವ ಮಗು ನಾಲ್ಕನೇ ವಾರಕ್ಕೆ ಬರುವುದನ್ನೇ ಬಿಡುತ್ತದೆ. ಐದಾರು ಮಕ್ಕಳಿಗೆ ಒಬ್ಬ ಮಾರ್ಗದರ್ಶಕರಿರಲಿ. ಎಷ್ಟೇ ಕಡಿಮೆ ಮಕ್ಕಳು ಬಂದಿದ್ದರೂ ಕೊಠಡಿಯಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕು. ಪೋಷಕರ ಲಿಖಿತ ಒಪ್ಪಿಗೆ ಮತ್ತು ತುರ್ತು ಫೋನ್ ಸಂಖ್ಯೆ ಮೊದಲೇ ಪಡೆಯಿರಿ. ಫೋಟೊಕ್ಕೆ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಿ.

ಹನ್ನೆರಡು ಮಕ್ಕಳು ಒಮ್ಮೆಲೇ ಡೌನ್‌ಲೋಡ್ ಒತ್ತಿದರೆ ಇಂಟರ್‌ನೆಟ್ ಕುಸಿಯುತ್ತದೆ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನ ಆಫ್‌ಲೈನ್ ಆವೃತ್ತಿ ಮತ್ತು ಟೈಪ್ ಮಾಡಿ ಕೋಡ್ ಬರೆಯುವ ಭಾಷೆಯಾದ ಪೈಥಾನ್‌ಗೆ ಥಾನಿ ಎಂಬ ಎಡಿಟರ್ ಇವೆರಡನ್ನೂ ಹಿಂದಿನ ದಿನವೇ ಪೆನ್‌ಡ್ರೈವ್‌ನಿಂದ ಹಾಕಿ, ಪ್ರತಿ ಯಂತ್ರದಲ್ಲೂ ಒಮ್ಮೆ ತೆರೆದು ನೋಡಿ. ಎರಡೂ ಉಚಿತ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿಯೊಳಗೆ ಪೈಥಾನ್ ಸೇರಿಕೊಂಡೇ ಬರುತ್ತದೆ, ಬೇರೆ ಏನನ್ನೂ ಹಾಕಬೇಕಿಲ್ಲ. ಆಫ್‌ಲೈನ್ ಸ್ಕ್ರ್ಯಾಚ್‌ಗೆ ಖಾತೆಯೂ ಬೇಡ. ಮಕ್ಕಳ ಹೆಸರು, ಇಮೇಲ್ ಕೊಡುವ ಪ್ರಮೇಯವೇ ಬರುವುದಿಲ್ಲ. ಒಂದು ಲ್ಯಾಪ್‌ಟಾಪ್ ಹೆಚ್ಚುವರಿಯಾಗಿ ಇರಲಿ. ಎಕ್ಸ್‌ಟೆನ್ಷನ್ ಬೋರ್ಡಿನ ವೈರ್ ನಡೆದಾಡುವ ದಾರಿಗೆ ಅಡ್ಡ ಬಂದರೆ ನೆಲಕ್ಕೆ ಟೇಪ್ ಅಂಟಿಸಿ. ಓಡಾಡುವ ಮಕ್ಕಳ ಕಾಲಿಗೆ ಸಿಕ್ಕಿ ಮೊದಲು ಬೀಳುವುದು ಲ್ಯಾಪ್‌ಟಾಪೇ.

ತೊಂಬತ್ತು ನಿಮಿಷದ ಹಂಚಿಕೆ ಹೀಗಿರಲಿ: ಕೂತು ಯಂತ್ರ ತೆರೆಯಲು 10, ಹೊಸದೊಂದನ್ನು ತೋರಿಸಲು 10, ಮಾಡಲು 50, ಒಬ್ಬರದನ್ನೊಬ್ಬರು ನೋಡಲು 15, ಸೇವ್ ಮಾಡಲು 5. ತೋರಿಸುವ 10 ನಿಮಿಷ 25ಕ್ಕೆ ಹಿಗ್ಗಿದರೆ ಕ್ಲಬ್ ಮತ್ತೊಂದು ತರಗತಿಯಾಗುತ್ತದೆ.

ಮೊದಲ ಆಟ: ಬೀಳುವ ಚೆಂಡು

8ರಿಂದ 12 ವರ್ಷದವರಿಗೆ ಸ್ಕ್ರ್ಯಾಚ್‌ನಿಂದ ಶುರುಮಾಡಿ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ಇದರಲ್ಲಿ ಟೈಪಿಂಗ್ ಬೇಕಿಲ್ಲ, ಬ್ಲಾಕ್‌ಗಳನ್ನು ಜೋಡಿಸಿದರಾಯಿತು. ಕಾಗುಣಿತ ತಪ್ಪಿ ಪ್ರೋಗ್ರಾಂ ಕೆಡುವ ಭಯವಿಲ್ಲದ್ದರಿಂದ ಮಕ್ಕಳ ಗಮನವೆಲ್ಲ ತರ್ಕದ ಮೇಲೇ ಇರುತ್ತದೆ.

ಮೊದಲ ವಾರಕ್ಕೆ ಒಪ್ಪುವ ಆಟವೆಂದರೆ, ಮೇಲಿನಿಂದ ಬೀಳುವ ಚೆಂಡನ್ನು ಬುಟ್ಟಿಯಲ್ಲಿ ಹಿಡಿಯುವುದು. ಸ್ಕ್ರ್ಯಾಚ್‌ನ ವೇದಿಕೆ 480 ಅಗಲ, 360 ಎತ್ತರ. ನಟ್ಟ ನಡುವೆ ಸೊನ್ನೆ; ಎಕ್ಸ್ ಎಡಬಲದ ಅಳತೆ, ವೈ ಮೇಲೆ ಕೆಳಗಿನದು. ಚೆಂಡನ್ನು ವೈ 170ರಲ್ಲಿ, ಎಕ್ಸ್ –220ರಿಂದ 220ರ ನಡುವೆ ಎಲ್ಲಾದರೂ ಇಡಿ. ನಿಲ್ಲದೆ ಸುತ್ತುವ ‘ಫಾರೆವರ್’ ಬ್ಲಾಕ್‌ನೊಳಗೆ ವೈ ಬೆಲೆಯನ್ನು ಪ್ರತಿ ಸುತ್ತಿಗೂ 5ರಷ್ಟು ಇಳಿಸಿ. ಬಾಣದ ಕೀಲಿಗಳಿಂದ ಬುಟ್ಟಿ ಎಡಬಲಕ್ಕೆ ಸರಿಯಲಿ. ಚೆಂಡು ಬುಟ್ಟಿಗೆ ತಾಗಿದರೆ ಸ್ಕೋರ್ ಒಂದು ಹೆಚ್ಚಲಿ.

ಈಗ ಓಡಿಸಿದರೆ ಒಂದೇ ಚೆಂಡಿಗೆ ಸ್ಕೋರ್ 10, 12 ಎಂದು ಜಿಗಿಯುತ್ತದೆ. ಮಕ್ಕಳು ಕೇಕೆ ಹಾಕುತ್ತಾರೆ; ಕೂಡಲೇ ಸರಿಪಡಿಸಲು ಹೋಗಬೇಡಿ. ‘ಚೆಂಡು ಎಷ್ಟು ಹೊತ್ತು ಬುಟ್ಟಿಗೆ ತಾಗಿಕೊಂಡಿತ್ತು?’ ಎಂದಷ್ಟೇ ಕೇಳಿ. ಸ್ಕ್ರ್ಯಾಚ್ ಸೆಕೆಂಡಿಗೆ ಸುಮಾರು 30 ಬಾರಿ ಆ ಬ್ಲಾಕ್‌ಗಳನ್ನು ಸುತ್ತುತ್ತದೆ. ಚೆಂಡು ಬುಟ್ಟಿಯನ್ನು ದಾಟುವ ಅರೆಗಳಿಗೆಯಲ್ಲಿ ಹತ್ತಾರು ಬಾರಿ ‘ತಾಗಿದೆಯೇ?’ ಎಂದು ಕೇಳಿ, ಪ್ರತಿ ಬಾರಿಯೂ ಹೌದೆಂಬ ಉತ್ತರ ಪಡೆಯುತ್ತದೆ. ಸ್ಕೋರ್ ಹೆಚ್ಚಿಸಿದ ಕೂಡಲೇ ಚೆಂಡನ್ನು ಮತ್ತೆ ಮೇಲಕ್ಕೆ ಕಳುಹಿಸಿದರೆ ಸರಿಹೋಗುತ್ತದೆ. ಇದನ್ನು ಮಗುವೇ ಕಂಡುಕೊಳ್ಳಲು ಹದಿನೈದು ನಿಮಿಷ ಹಿಡಿದರೂ ಕಾಯಿರಿ. ಲೂಪ್ (ಮತ್ತೆ ಮತ್ತೆ ಸುತ್ತುವ ಆಜ್ಞೆ) ಎಂದರೇನೆಂದು ಅದಕ್ಕೆ ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಇನ್ನೊಂದು ತೊಡಕು ದೊಡ್ಡವರನ್ನೂ ಕಾಡುತ್ತದೆ. ನೆಲ ಮುಟ್ಟಿದ ಚೆಂಡನ್ನು ಮೇಲೆ ಕಳುಹಿಸಲು ‘ವೈ –180ಕ್ಕಿಂತ ಕಡಿಮೆಯಾದರೆ’ ಎಂದು ಬರೆದರೆ ಚಿಕ್ಕ ಚೆಂಡು ತಳದಲ್ಲೇ ಅಂಟಿಕೊಂಡುಬಿಡಬಹುದು. ಚಿತ್ರಗಳು ವೇದಿಕೆಯಿಂದ ಪೂರ್ತಿ ಆಚೆ ಹೋಗಲು ಸ್ಕ್ರ್ಯಾಚ್ ಬಿಡುವುದಿಲ್ಲವಾದ್ದರಿಂದ ಆ ಷರತ್ತು ನಿಜವಾಗುವುದೇ ಇಲ್ಲ. –170 ಎಂದು ಬರೆಸಿ. ಎರಡನೇ ಬಾರಿ ಆಡುವಾಗ ಹಳೆಯ ಸ್ಕೋರ್ ಹಾಗೇ ಉಳಿದಿದ್ದರೆ, ಆಟ ಶುರುಮಾಡುವ ಹಸಿರು ಬಾವುಟದ ಬ್ಲಾಕ್‌ನ ಕೆಳಗೆ ಸ್ಕೋರನ್ನು ಸೊನ್ನೆ ಮಾಡುವ ಬ್ಲಾಕ್ ಮರೆತಿದೆ ಎಂದರ್ಥ.

ಪೈಥಾನ್‌ಗೆ ದಾಟುವಾಗ

ಹದಿಮೂರು ದಾಟಿದವರು, ಅಥವಾ ಸ್ಕ್ರ್ಯಾಚ್‌ನಲ್ಲಿ ಮೂರ್ನಾಲ್ಕು ಆಟ ಮುಗಿಸಿದವರು ಪೈಥಾನ್‌ಗೆ ಬರಲಿ. ಖಾಲಿ ಪರದೆ ಕೊಡಬೇಡಿ. ಹತ್ತು ಸಾಲಿನ ಕೆಲಸ ಮಾಡುವ ಪ್ರೋಗ್ರಾಂ ಕೊಟ್ಟು, ಓಡಿಸುವ ಮೊದಲೇ ಏನಾಗುತ್ತದೆಂದು ಊಹಿಸಿ ಕಾಗದದ ಮೇಲೆ ಬರೆಯಲು ಹೇಳಿ. ಆಮೇಲೆ ಓಡಿಸಲಿ, ಒಂದೊಂದು ಸಾಲು ಬದಲಿಸಲಿ, ಕೊನೆಗೆ ತಮ್ಮದನ್ನು ಬರೆಯಲಿ. ಊಹೆ ತಪ್ಪಿದ ಜಾಗದಲ್ಲೇ ಪಾಠವಿದೆ.

ಸಂಖ್ಯೆ ಊಹಿಸುವ ಆಟ ಇದಕ್ಕೆ ಹೇಳಿ ಮಾಡಿಸಿದ್ದು. ಕಂಪ್ಯೂಟರ್ 1ರಿಂದ 20ರೊಳಗೆ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ, ಮಗು ಊಹಿಸಬೇಕು. ಸರಿಯಾದ ಸಂಖ್ಯೆ ಟೈಪ್ ಮಾಡಿದರೂ ‘ತಪ್ಪು’ ಎಂದೇ ಉತ್ತರ ಬರುವುದು ಇಲ್ಲಿನ ಖಾಯಂ ತೊಂದರೆ. ಕೀಬೋರ್ಡ್‌ನಿಂದ ಬಂದದ್ದನ್ನು ಪೈಥಾನ್ ಪಠ್ಯವೆಂದೇ ತಿಳಿಯುತ್ತದೆ. ಪಠ್ಯದ 7, ಲೆಕ್ಕದ 7 ಅದಕ್ಕೆ ಬೇರೆ ಬೇರೆ. ‘ಇಂಟ್’ ಹಾಕಿ ಪಠ್ಯವನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು.

ಮಾರ್ಗದರ್ಶಕರು ಗುರುತಿಟ್ಟುಕೊಳ್ಳಬೇಕಾದ ಇನ್ನೂ ಕೆಲವಿವೆ. ದೋಷ ಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ. ಅದು ತೋರಿಸಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಹಿಂದಿನ ಸಾಲಿನಲ್ಲಿ ಮುಚ್ಚದ ಆವರಣ ಚಿಹ್ನೆ ಇದೆಯೇ ನೋಡಿ. ವರ್ಡ್ ಕಡತದಿಂದ ನಕಲು ಮಾಡಿದ ಕೋಡ್‌ನಲ್ಲಿ ಬಾಗಿದ ಉದ್ಧರಣ ಚಿಹ್ನೆಗಳು ಬಂದು ಕೆಡುತ್ತವೆ. ಮಗು ತನ್ನ ಕಡತಕ್ಕೆ ‘ಟರ್ಟಲ್’ ಅಥವಾ ‘ರ‍್ಯಾಂಡಮ್’ ಎಂದೇ ಹೆಸರಿಟ್ಟಿದ್ದರೆ, ಪೈಥಾನ್ ಅದೇ ಹೆಸರಿನ ತನ್ನ ಸಿದ್ಧ ಕೋಡ್‌ನ ಬದಲು ಆ ಕಡತವನ್ನೇ ತೆರೆದು ಗೊಂದಲಕ್ಕೆ ಬೀಳುತ್ತದೆ. ಎಲ್ಲವೂ ಸರಿಯಿದ್ದೂ ಓಡದಿದ್ದರೆ ಮೊದಲು ಕಡತದ ಹೆಸರು ನೋಡಿ.

ಪೈಥಾನ್ 3ರಲ್ಲಿ ವೇರಿಯಬಲ್‌ಗೆ, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿಗೆ, ಕನ್ನಡದಲ್ಲೇ ಹೆಸರಿಡಬಹುದು. ‘ಅಂಕ’, ‘ಊಹೆ’ ಎಂದೆಲ್ಲ ಬರೆಯುವಾಗ ಮಕ್ಕಳಿಗಾಗುವ ಖುಷಿ ದೊಡ್ಡದು. ಆದರೆ ‘ಬೋರ್ಡ್‌ಗಳು’ ಎಂಬಂಥ ಪದದಲ್ಲಿ ಅಕ್ಷರ ಬೆಸೆಯದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ಸೇರಿರುತ್ತದೆ. ಹೆಸರಿನೊಳಗೆ ಅದನ್ನು ಪೈಥಾನ್ ಒಪ್ಪದೆ ದೋಷ ತೋರಿಸುತ್ತದೆ. ಇನ್ನೊಂದು ಪ್ರಯೋಗ: ‘ಕನ್ನಡ’ ಎಂಬ ಪದದ ಉದ್ದವನ್ನು ಪೈಥಾನ್‌ನಲ್ಲಿ ಕೇಳಿದರೆ 5 ಎನ್ನುತ್ತದೆ. ನಮ್ಮ ಎಣಿಕೆಯಲ್ಲಿ ಮೂರಕ್ಷರ. ಯಂತ್ರಕ್ಕೆ ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಅಕ್ಷರಗಳು ಕಂಪ್ಯೂಟರ್‌ನೊಳಗೆ ಹೇಗೆ ಕೂತಿವೆ ಎಂದು ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಕೈಗೆ ಸಿಗುವ ವಸ್ತು ಬೇಕೆಂದರೆ ಮೈಕ್ರೊಬಿಟ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳಿವೆ: 25 ಎಲ್‌ಇಡಿ, ಎರಡು ಗುಂಡಿ, ಅಲುಗಾಟ ಅಳೆಯುವ ಸೆನ್ಸರ್, ಎರಡು ಎಎಎ ಬ್ಯಾಟರಿ. ಬೋರ್ಡ್ ಕಂಪ್ಯೂಟರ್‌ಗೆ ಕಾಣಿಸದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಫೋನ್ ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ.

ಎಐ: ಯಂತ್ರವನ್ನು ಸೋಲಿಸಿ ನೋಡಿ

ಎಐ ಕಲಿಸಲು ಭಾಷಣ ಬೇಡ. ಮಕ್ಕಳೇ ಒಂದು ಮಾಡೆಲ್‌ಗೆ, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂಗೆ, ತರಬೇತಿ ಕೊಟ್ಟು, ಅದು ಎಲ್ಲಿ ಎಡವುತ್ತದೆಂದು ಹುಡುಕಲಿ. ಗೂಗಲ್‌ನ ಟೀಚಬಲ್ ಮಷಿನ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಇಂಟರ್‌ನೆಟ್ ಮತ್ತು ವೆಬ್‌ಕ್ಯಾಮ್ ಬೇಕು, ಕೋಡ್ ಬೇಕಿಲ್ಲ. ನಾವಾಗಿ ಗೂಗಲ್ ಡ್ರೈವ್‌ಗೆ ಉಳಿಸದ ಹೊರತು ಚಿತ್ರಗಳು ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಹಾಗಿದ್ದರೂ ಮುಖಗಳ ಬದಲು ವಸ್ತುಗಳನ್ನೇ ಬಳಸಿ.

‘ಪೆನ್ಸಿಲ್’, ‘ಚಮಚ’ ಎಂದು ಎರಡು ಗುಂಪು ಮಾಡಿಸಿ. ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ 24 ಚಿತ್ರ ಸೆರೆಯಾಗುತ್ತವೆ. ಮೂರು ಸೆಕೆಂಡಿನಲ್ಲಿ ಎಪ್ಪತ್ತು ಚಿತ್ರ ಸಿಕ್ಕಿತೆಂದು ಮಕ್ಕಳು ಕೈಬಿಡುತ್ತಾರೆ, ಬಿಡಲಿ. ತರಬೇತಿ ಮುಗಿಯುವವರೆಗೆ ಬೇರೆ ಟ್ಯಾಬ್ ತೆರೆಯಬಾರದು, ತೆರೆದರೆ ಕೆಲಸ ತಡೆಯಾಗುತ್ತದೆ. ಆಮೇಲೆ ತೋರಿಸಿದರೆ ಎಲ್ಲವೂ ಸರಿಯಾಗಿ ಗುರುತಿಸಿದಂತೆ ಕಾಣುತ್ತದೆ. ಈಗ ಚಮಚವನ್ನು ಬೇರೆ ಮಗು ಬೇರೆ ಗೋಡೆಯ ಮುಂದೆ ಹಿಡಿಯಲಿ. ಉತ್ತರ ಅಡಿಮೇಲಾಗಬಹುದು. ಆ ಎಪ್ಪತ್ತೂ ಚಿತ್ರಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಳದಿ ಅಂಗಿಯ ಹುಡುಗಿ ಪೆನ್ಸಿಲ್ ಹಿಡಿದಿದ್ದರೆ ಮಾಡೆಲ್ ಕಲಿತಿರುವುದು ಹಳದಿ ಅಂಗಿಯನ್ನೇ ಇರಬಹುದು. ಪೆನ್ಸಿಲ್ ಕೆಳಗಿಟ್ಟು ಆಕೆಯನ್ನಷ್ಟೇ ಕ್ಯಾಮೆರಾ ಮುಂದೆ ಕೂರಿಸಿ ಪರೀಕ್ಷಿಸಿ.

ನಂತರ ಚಪ್ಪಲಿ ತೋರಿಸಿ. ಅದನ್ನೂ ಶೇ 90ರಷ್ಟು ಪೆನ್ಸಿಲ್ ಎಂದೀತು. ಕೊಟ್ಟ ಗುಂಪುಗಳಿಗೇ ನೂರು ಶೇಕಡಾವನ್ನು ಹಂಚಲೇಬೇಕಾದ ಲೆಕ್ಕ ಅದರದು. ‘ಗೊತ್ತಿಲ್ಲ’ ಎನ್ನುವ ದಾರಿ ಅದಕ್ಕಿಲ್ಲ. ಮೂರನೇ ಗುಂಪಾಗಿ ಖಾಲಿ ಗೋಡೆ, ಖಾಲಿ ಕೈ, ಬೇರೆ ವಸ್ತುಗಳನ್ನು ಸೇರಿಸಲಿ. ಬೆಳಕು, ಕೈ, ಹಿನ್ನೆಲೆ, ದೂರ ಬದಲಿಸುತ್ತಾ ಪ್ರತಿ ಗುಂಪಿಗೆ ನೂರೈವತ್ತು ಚಿತ್ರ ತೆಗೆದು ಮತ್ತೆ ತರಬೇತಿ ಕೊಡಲಿ. ಬ್ರೌಸರ್ ಮುಚ್ಚುವ ಮುನ್ನ ಪ್ರಾಜೆಕ್ಟ್ ಕಡತವನ್ನು ಇಳಿಸಿಕೊಳ್ಳದಿದ್ದರೆ ಎಲ್ಲವೂ ಹೋದಂತೆ.

ಈ ಹಂತಕ್ಕೆ ಬಂದವರಿಗೆ 2018ರ ಒಂದು ಅಧ್ಯಯನವನ್ನು ಹೇಳಬಹುದು. ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅವರು, ಮುಖ ನೋಡಿ ಗಂಡು–ಹೆಣ್ಣು ಗುರುತಿಸುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪುಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ. ಹಳದಿ ಅಂಗಿ ನೋಡಿದ ಮಕ್ಕಳಿಗೆ ಮುಂದಿನ ಪ್ರಶ್ನೆಯನ್ನು ನಾವು ಹೇಳಿಕೊಡಬೇಕಿಲ್ಲ: ‘ಯಾರ ಫೋಟೊಗಳನ್ನು ಕೊಟ್ಟಿದ್ದರು?’

ಚಾಟ್‌ಬಾಟ್‌ಗೆ ಮುನ್ನ ಲಕೋಟೆ

ಚಾಟ್‌ಬಾಟ್ ತೆರೆಯುವ ಮೊದಲು ಕಾಗದದಲ್ಲಿ ಒಂದನ್ನು ಮಾಡಿ. ನಾಲ್ಕು ವಾಕ್ಯ ಬರೆಯಿರಿ: ಬೆಕ್ಕು ಹಾಲು ಕುಡಿಯಿತು. ಬೆಕ್ಕು ಮರ ಹತ್ತಿತು. ನಾಯಿ ಮರ ಸುತ್ತಿತು. ನಾಯಿ ಹಾಲು ಚೆಲ್ಲಿತು. ಪ್ರತಿ ಪದಕ್ಕೊಂದು ಲಕೋಟೆ. ಆ ಪದದ ನಂತರ ಬಂದ ಪದಗಳನ್ನು ಚೀಟಿ ಮಾಡಿ ಒಳಗೆ ಹಾಕಿ. ‘ಮರ’ದ ಲಕೋಟೆಯಲ್ಲಿ ‘ಹತ್ತಿತು’, ‘ಸುತ್ತಿತು’ ಎರಡೂ ಇರುತ್ತವೆ. ‘ನಾಯಿ’ಯಿಂದ ಶುರುಮಾಡಿ ಕಣ್ಣುಮುಚ್ಚಿ ಚೀಟಿ ಎತ್ತುತ್ತಾ ಹೋದರೆ ಒಂದಲ್ಲ ಒಂದು ಸಲ ‘ನಾಯಿ ಮರ ಹತ್ತಿತು’ ಎಂದು ಬರುತ್ತದೆ. ವಾಕ್ಯ ಸರಿಯಿದೆ, ಸಂಗತಿ ಸುಳ್ಳು, ಯಾರೂ ಅದನ್ನು ಬರೆದಿರಲಿಲ್ಲ. ನಿಜವಾದ ಭಾಷಾ ಮಾಡೆಲ್‌ಗಳು ಹಿಂದಿನ ಸಾವಿರಾರು ಪದಗಳನ್ನು ನೋಡುತ್ತವೆ, ಲಕೋಟೆಯ ಬದಲು ಕೋಟಿಗಟ್ಟಲೆ ಸಂಖ್ಯೆಗಳಿರುತ್ತವೆ. ಆದರೂ ಮುಂದಿನ ತುಣುಕನ್ನು ಊಹಿಸುವುದೇ ಅವುಗಳ ಕೆಲಸ. ಸರಾಗವಾದ ಮಾತಿಗೂ ನಿಜಕ್ಕೂ ಇರುವ ಅಂತರ ಈ ಚೀಟಿಗಳಲ್ಲೇ ಮಕ್ಕಳಿಗೆ ಕಾಣುತ್ತದೆ.

ಅನೇಕ ಚಾಟ್‌ಬಾಟ್‌ಗಳು 13 ವರ್ಷದೊಳಗಿನವರಿಗೆ ಖಾತೆ ಕೊಡುವುದಿಲ್ಲ; ಬಳಸುವ ಸೇವೆಯ ನಿಯಮ ಓದಿಕೊಳ್ಳಿ. ಕಿರಿಯರಿಗೆ ಮಾರ್ಗದರ್ಶಕರೇ ದೊಡ್ಡ ಪರದೆಯಲ್ಲಿ ತೋರಿಸಲಿ. ಹೆಸರು, ಶಾಲೆ, ವಿಳಾಸ, ಫೋಟೊ ಯಾವುದನ್ನೂ ಅದಕ್ಕೆ ಕೊಡಬಾರದು. ಹಿರಿಯ ಮಕ್ಕಳು ಕೋಡ್ ಬರೆಸಿಕೊಂಡರೆ, ಓಡಿಸುವ ಮೊದಲು ಪ್ರತಿ ಸಾಲೂ ಏನು ಮಾಡುತ್ತದೆಂದು ಪಕ್ಕದವರಿಗೆ ಹೇಳಬೇಕು. ಹೇಳಲಾಗದ ಸಾಲನ್ನು ಅಳಿಸಬೇಕು. ಉತ್ತರ ತಕ್ಷಣ ಕೊಡುವ ಯಂತ್ರವೂ ಮೌಸ್ ಕಸಿದುಕೊಳ್ಳುವ ದೊಡ್ಡವರಂತೆಯೇ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ.

ಎಂಟನೇ ವಾರ

ಎಂಟನೇ ವಾರ ಪೋಷಕರನ್ನು ಕರೆಯಿರಿ. ಪ್ರತಿ ಜೋಡಿಗೆ ಮೂರು ನಿಮಿಷ: ಏನು ಮಾಡಿದೆವು, ಎಲ್ಲಿ ಸಿಕ್ಕಿಬಿದ್ದೆವು, ಹೇಗೆ ಬಿಡಿಸಿಕೊಂಡೆವು. ಬಹುಮಾನ ಇಟ್ಟರೆ ಅರೆಬರೆ ಆಟ ಮಾಡಿದವರು ತೋರಿಸಲು ಹಿಂಜರಿಯುತ್ತಾರೆ, ಆದ್ದರಿಂದ ಇಡಬೇಡಿ. ಮುಂದಿನ ತಂಡಕ್ಕೆ ಈ ತಂಡದಿಂದಲೇ ಇಬ್ಬರನ್ನು ಸಹಾಯಕರಾಗಿ ಆರಿಸಿ, ಅದರಲ್ಲಿ ಒಬ್ಬಳಾದರೂ ಹುಡುಗಿಯಿರಲಿ. ಚುರುಕಾದವರಿಗಿಂತ ಒಮ್ಮೆ ಚೆನ್ನಾಗಿ ಸಿಕ್ಕಿಬಿದ್ದು ಹೊರಬಂದವರು ಈ ಕೆಲಸಕ್ಕೆ ಒದಗುತ್ತಾರೆ. ಅವರಿಗೂ ಮೊದಲ ದಿನ ಕೈ ಬೆನ್ನ ಹಿಂದೆ ಕಟ್ಟಲು ಹೇಳಿಕೊಡಿ.

ಮನೆಗೆ ಹೋಗುವ ಮುನ್ನ ಪ್ರತಿ ಕಡತಕ್ಕೂ ಮಗುವಿನ ಅಡ್ಡಹೆಸರು, ಆಟದ ಹೆಸರು, ವಾರದ ಸಂಖ್ಯೆ ಸೇರಿಸಿ ಹೆಸರಿಡಿಸಿ. ‘ಅನ್‌ಟೈಟಲ್ಡ್’ ಎಂದು ಉಳಿದ ಹನ್ನೆರಡು ಕಡತಗಳಲ್ಲಿ ತನ್ನದು ಯಾವುದೆಂದು ಮುಂದಿನ ವಾರ ಯಾವ ಮಗುವಿಗೂ ತಿಳಿಯುವುದಿಲ್ಲ. ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಕೊಂಡು, ಲ್ಯಾಪ್‌ಟಾಪ್‌ಗಳನ್ನು ಚಾರ್ಜ್‌ಗೆ ಇಟ್ಟು ಬೀಗ ಹಾಕಿ.